ಓದುಗರ ಪ್ರಶ್ನೆ: ಮಂಡ್ಯದಲ್ಲಿ ಹುಟ್ಟಿದ ನಿರ್ದೇಶಕ, ಮುಂಬೈಯಲ್ಲಿ ಕಟ್ಟಿದ ಚಿತ್ರೋತ್ಸವ

ಹೋದ ತಿಂಗಳು ಇದೇ ಅಂಕಣದಲ್ಲಿ ಒಬ್ಬರು, ‘ನಮ್ಮ ಕಡೆ ಹುಟ್ಟಿ ಹೊರಗೆ ಹೆಸರು ಮಾಡಿದ, ಆದರೆ ನಮಗೇ ಗೊತ್ತಿಲ್ಲದ ನಿರ್ದೇಶಕರು ಯಾರಿದ್ದಾರೆ’ ಎಂದು ಕೇಳಿದ್ದರು. ನಾನು ಶ್ರೀಧರ್ ರಂಗಾಯನ್ ಹೆಸರು ಬರೆದೆ. ಮಂಡ್ಯದಲ್ಲಿ ಹುಟ್ಟಿದವರು, ಸಲಿಂಗಪ್ರೇಮಿಗಳ ಬದುಕಿನ ಬಗ್ಗೆ ಸಿನಿಮಾ ಮಾಡುವವರು, ಮುಂಬೈಯ ಕಶಿಶ್ ಚಿತ್ರೋತ್ಸವ ಶುರು ಮಾಡಿದವರು ಎಂದಷ್ಟೇ ಹೇಳಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಎರಡು ಸಾಲಿಗೆ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರದೇ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದಾರೆ. ಅದಕ್ಕೇ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯವನೇ. ನಲವತ್ತು ವರ್ಷದಿಂದ ಬಿಡದೆ ಸಿನಿಮಾ ನೋಡುತ್ತಿದ್ದೇನೆ. ಈ ಹೆಸರು ಕೇಳೇ ಇರಲಿಲ್ಲ. ಅವರು ಏನೇನು ಮಾಡಿದ್ದಾರೆ, ಸ್ವಲ್ಪ ಬಿಡಿಸಿ ಹೇಳುತ್ತೀರಾ? (ಮದ್ದೂರು)

ಉತ್ತರ: ಕೇಳಿರದಿದ್ದರೆ ತಪ್ಪು ನಿಮ್ಮದಲ್ಲ ಸರ್. ಅವರ ಸಿನಿಮಾಗಳು ನಮ್ಮ ಟಾಕೀಸುಗಳ ಕಡೆ ಬರಲೇ ಇಲ್ಲ ಎನ್ನಬಹುದು. ಹುಟ್ಟಿದ್ದು 1962ರಲ್ಲಿ, ಮಂಡ್ಯದಲ್ಲಿ. ಮುಂಬೈ ಐಐಟಿಯಲ್ಲಿ ಡಿಸೈನ್ ಓದಿದರು. ಸಿನಿಮಾ ಹುಚ್ಚು ಹಿಡಿಯಿತು. ಸಾಯಿ ಪರಾಂಜಪೆ, ಕಲ್ಪನಾ ಲಾಜ್ಮಿ ಅವರಂಥ ನಿರ್ದೇಶಕಿಯರ ಕೈಕೆಳಗೆ ದುಡಿದು ಕೆಲಸ ಕಲಿತರು, ಟಿವಿಗೂ ಕೆಲಸ ಮಾಡಿದರು. ಇಲ್ಲಿಯವರೆಗೆ ಇದು ಮುಂಬೈಗೆ ಹೋದ ಎಷ್ಟೋ ಹುಡುಗರ ಕಥೆಯೇ.

ಬೇರೆ ದಾರಿ ಹಿಡಿದದ್ದು ತೊಂಬತ್ತರ ದಶಕದಲ್ಲಿ. ಆಗ ಮುಂಬೈಯಲ್ಲಿ ಅಶೋಕ್ ರಾವ್ ಕವಿ ಎಂಬ ಪತ್ರಕರ್ತರು ‘ಬಾಂಬೆ ದೋಸ್ತ್’ ಎಂಬ ಪತ್ರಿಕೆ ನಡೆಸುತ್ತಿದ್ದರು. 1990ರಲ್ಲಿ ಶುರುವಾದದ್ದು, ಗೇ, ಅಂದರೆ ಸಲಿಂಗಪ್ರೇಮಿ ಜನರಿಗಾಗಿಯೇ ಇದ್ದ ಪತ್ರಿಕೆ. ಅದರ ಬೆನ್ನಿಗೇ 1994ರಲ್ಲಿ ಅದೇ ಜನರಿಗಾಗಿ ದುಡಿಯುವ ಹಮ್‌ಸಫರ್ ಟ್ರಸ್ಟ್ ಎಂಬ ಸಂಸ್ಥೆ ಬಂತು. ಅದನ್ನು ಕಟ್ಟಿದವರಲ್ಲಿ ರಂಗಾಯನ್ ಕೂಡ ಒಬ್ಬರು. ಆ ಕಾಲವನ್ನು ನೆನಪಿಸಿಕೊಳ್ಳಿ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಐಪಿಸಿ 377ನೇ ಕಲಂ ಜಾರಿಯಲ್ಲಿತ್ತು. 1860ರಲ್ಲಿ ಬ್ರಿಟಿಷರು ಬರೆದಿಟ್ಟ ಕಾನೂನು, ಹತ್ತು ವರ್ಷದವರೆಗೆ ಇಲ್ಲವೇ ಜೀವಾವಧಿ ಶಿಕ್ಷೆ ಕೊಡಬಹುದಿತ್ತು. ಕೋರ್ಟಿಗೆ ಹೋದ ಕೇಸು ಕಡಿಮೆ, ಆದರೆ ಅದೇ ಕಲಂ ತೋರಿಸಿ ಹೆದರಿಸುವುದು, ದುಡ್ಡು ಕೀಳುವುದು ಜಾಸ್ತಿ. ಅಂಥ ದಿನಗಳಲ್ಲಿ ಹೆಸರು, ಮುಖ ಎರಡನ್ನೂ ಮುಂದಿಟ್ಟು ನಿಂತವರು ಇವರೆಲ್ಲ.

2001ರಲ್ಲಿ ರಂಗಾಯನ್ ತಮ್ಮ ಬಾಳಸಂಗಾತಿ, ಬರಹಗಾರ ಸಾಗರ್ ಗುಪ್ತಾ ಜೊತೆ ಸೇರಿ ಸೋಲಾರಿಸ್ ಪಿಕ್ಚರ್ಸ್ ಎಂಬ ಪುಟ್ಟ ಕಂಪನಿ ಮಾಡಿದರು. ಆಮೇಲೆ ಬಂದದ್ದೆಲ್ಲ ಆ ಮನೆಯಿಂದಲೇ. 2003ರ ‘ಗುಲಾಬಿ ಆಯ್ನಾ’. 2006ರ ‘ಯುವರ್ಸ್ ಇಮೋಷನಲಿ’. 2007ರ ‘68 ಪೇಜಸ್’, ಇದು ಎಚ್‌ಐವಿ ಇರುವವರಿಗೆ ಧೈರ್ಯ ಹೇಳುವ ಒಬ್ಬ ಆಪ್ತ ಸಮಾಲೋಚಕಿಯ ಡೈರಿಯ ಮೂಲಕ ಹೇಳಿದ ಕಥೆ. ಆಮೇಲೆ ‘ಪ್ರಾಜೆಕ್ಟ್ ಬೋಲೋ’ ಎಂಬ ಸರಣಿ. ಇದನ್ನು ನಾನು ಅವರ ಸಿನಿಮಾಗಳಷ್ಟೇ ದೊಡ್ಡ ಕೆಲಸ ಎಂದುಕೊಂಡಿದ್ದೇನೆ. ಕ್ಯಾಮೆರಾ ಮುಂದೆ ಒಬ್ಬೊಬ್ಬರನ್ನೇ ಕೂರಿಸಿ, ನಿಮ್ಮ ಕಥೆ ಹೇಳಿ ಎಂದು ಕೇಳಿ ದಾಖಲಿಸಿದ್ದು. ಮುಖ ಮಸುಕು ಮಾಡಿಲ್ಲ, ದನಿ ಬದಲಾಯಿಸಿಲ್ಲ. ‘ಪರ್ಪಲ್ ಸ್ಕೈಸ್’ ಎಂಬ ಸಾಕ್ಷ್ಯಚಿತ್ರದಲ್ಲಿ ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರು ಮಾತಾಡುತ್ತಾರೆ. ಅದು ದೂರದರ್ಶನಕ್ಕಾಗಿ ಮಾಡಿದ್ದು!

2015ರಲ್ಲಿ ‘ಬ್ರೇಕಿಂಗ್ ಫ್ರೀ’ ಬಂತು. 377ರಿಂದ ಯಾರಿಗೆ ಏನೇನಾಯಿತು ಎಂದು ಊರೂರಿಗೆ ಹೋಗಿ ಕೇಳಿ ಮಾಡಿದ ಸಾಕ್ಷ್ಯಚಿತ್ರ. ಗೋವಾ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗಕ್ಕೆ ಆಯ್ಕೆಯಾಯಿತು, 63ನೇ ರಾಷ್ಟ್ರ ಪ್ರಶಸ್ತಿಯಲ್ಲಿ ಸಂಕಲನಕ್ಕೆ ಬಹುಮಾನವೂ ಬಂತು, ಸಂಕಲನಕಾರ ಪ್ರವೀಣ್ ಆಂಗ್ರೆ. ಆ ಪ್ರಶಸ್ತಿ ಕೊಟ್ಟಾಗ 377 ಇನ್ನೂ ಹಾಗೇ ಇತ್ತು. ಕಾನೂನು ಬದಲಾಗಲಿ ಎಂದು ಕೇಳುವ ಚಿತ್ರಕ್ಕೆ ಸರ್ಕಾರದ್ದೇ ಪದಕ. ನನಗೆ ಆ ಸುದ್ದಿ ಓದಿದ ದಿನ ತುಂಬಾ ಖುಷಿಯಾಗಿತ್ತು.

ಪ್ರಶ್ನೆ: ‘ಗುಲಾಬಿ ಆಯ್ನಾ’ ಬ್ಯಾನ್ ಆಗಿದೆ ಅಂತಾರೆ. ಅಂಥದ್ದೇನಿದೆ ಅದರಲ್ಲಿ? (ಶಿವಮೊಗ್ಗ)

ಉತ್ತರ: ಹೆಸರು ಕೇಳಿ ಏನೇನೋ ಊಹಿಸಿಕೊಳ್ಳಬೇಡಿ. ಸುಮಾರು ನಲವತ್ತು ನಿಮಿಷದ ಸಿನಿಮಾ. ಮುಂಬೈಯ ಇಬ್ಬರು ಡ್ರ್ಯಾಗ್ ಕ್ವೀನ್‌ಗಳು, ಅಂದರೆ ಹೆಣ್ಣಿನ ವೇಷ ಹಾಕಿ ಮೆರೆಯುವ ಗಂಡಸರು, ಮತ್ತೆ ಇಂಗ್ಲಿಷ್ ಮಾತಾಡುವ ಒಬ್ಬ ಹರೆಯದ ಹುಡುಗ. ಮೂವರ ಕಣ್ಣೂ ಒಬ್ಬ ಚೆಂದದ ಯುವಕನ ಮೇಲೆ. ಅವನನ್ನು ಒಲಿಸಿಕೊಳ್ಳಲು ಜಗಳ, ಚುಚ್ಚುಮಾತು, ಕಣ್ಣೀರು, ಮತ್ತೆ ಒಂದಾಗುವುದು. ನಮ್ಮ ಹಳೇ ಹಿಂದಿ ಸಿನಿಮಾದ ಮಸಾಲೆ ಎಲ್ಲ ಇದೆ. ಆ ಇಬ್ಬರ ಮಾತಿನ ವರಸೆ ಇದೆಯಲ್ಲ, ಅದೇ ಸಿನಿಮಾದ ಜೀವ. ಕನ್ನಡಿ ಮುಂದೆ ಕೂತು ಒಬ್ಬರನ್ನೊಬ್ಬರು ಕಾಲೆಳೆಯುವ, ಬೈಯುತ್ತಲೇ ಒಬ್ಬರಿಗೊಬ್ಬರು ಆಸರೆಯಾಗುವ ಆ ಸ್ನೇಹವನ್ನು ಅಷ್ಟು ಹತ್ತಿರದಿಂದ ಅದಕ್ಕೂ ಮುಂಚೆ ನಮ್ಮಲ್ಲಿ ಯಾರೂ ತೋರಿಸಿರಲಿಲ್ಲ.

ಸೆನ್ಸಾರ್ ಮಂಡಳಿ ಅದು ಅಶ್ಲೀಲ, ಆಕ್ಷೇಪಾರ್ಹ ಎಂದು ಸರ್ಟಿಫಿಕೇಟ್ ಕೊಡಲಿಲ್ಲ. ಮತ್ತೆ ಮತ್ತೆ ಕೇಳಿದರೂ ಕೊಡಲಿಲ್ಲ. ಸರ್ಟಿಫಿಕೇಟ್ ಇಲ್ಲ ಅಂದರೆ ಟಾಕೀಸು ಇಲ್ಲ. ಟಾಕೀಸು ಇಲ್ಲ ಅಂದರೆ ಪೋಸ್ಟರ್ ಇಲ್ಲ, ಪತ್ರಿಕೆಯಲ್ಲಿ ವಿಮರ್ಶೆ ಇಲ್ಲ, ಟಿಕೆಟ್ ದುಡ್ಡು ಇಲ್ಲ. ಹಾಕಿದ ಹಣ ವಾಪಸ್ ಬರುವ ದಾರಿಯೇ ಮುಚ್ಚಿತು. ಹೊರದೇಶದಲ್ಲಿ ಮಾತ್ರ ಎಷ್ಟೋ ಚಿತ್ರೋತ್ಸವಗಳು ಕರೆದು ತೋರಿಸಿದವು, ಪ್ರಶಸ್ತಿ ಕೊಟ್ಟವು. ಮುಂಬೈಯವರ ಕಥೆಯನ್ನು ಮುಂಬೈಯಲ್ಲೇ ಟಿಕೆಟ್ ತಗೊಂಡು ನೋಡುವ ಹಾಗಿರಲಿಲ್ಲ. ಕೊನೆಗೆ 2015ರಲ್ಲಿ ನೆಟ್‌ಫ್ಲಿಕ್ಸ್ ತಗೊಂಡಿತು. ಹನ್ನೆರಡು ವರ್ಷ ಆಗಿತ್ತು.

ನನಗೆ ಈ ನಿರ್ದೇಶಕರ ಮೇಲೆ ಗೌರವ ಹುಟ್ಟಿದ್ದು ಇಲ್ಲೇ. ಬೇರೆ ಯಾರೇ ಆಗಿದ್ದರೂ, ಸಾಕಪ್ಪ ಎಂದು ಧಾರಾವಾಹಿ ಮಾಡಿಕೊಂಡು ಇದ್ದುಬಿಡುತ್ತಿದ್ದರು, ಅದರಲ್ಲಿ ತಪ್ಪೂ ಇರಲಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಇವರು ಸಿನಿಮಾ ಮಾಡಿದರೆ ಸಾಲದು, ಅದನ್ನು ತೋರಿಸುವ ಜಾಗವನ್ನೂ ನಾವೇ ಮಾಡಿಕೊಳ್ಳಬೇಕು ಎಂದು ಹೊರಟರು. ಮುಂದಿನ ಪ್ರಶ್ನೆ ಅದೇ ಇದೆ ನೋಡಿ.

ಪ್ರಶ್ನೆ: ಸೆನ್ಸಾರ್ ಆಗದ ಸಿನಿಮಾಗಳನ್ನು ಕಶಿಶ್‌ನಲ್ಲಿ ಹೇಗೆ ತೋರಿಸುತ್ತಾರೆ? ಅದು ಕಾನೂನಿಗೆ ವಿರುದ್ಧ ಅಲ್ವಾ? (ಮೈಸೂರು)

ಉತ್ತರ: ಅಲ್ಲ. ಸೆನ್ಸಾರ್ ಬೇಕಾಗುವುದು ಸಾರ್ವಜನಿಕವಾಗಿ ತೋರಿಸುವಾಗ. ಚಿತ್ರೋತ್ಸವಗಳಿಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಿನಾಯಿತಿ ಕೊಡಬಹುದು. ಯಾವ್ಯಾವ ಸಿನಿಮಾ ತೋರಿಸುತ್ತೀವಿ, ಕಥೆ ಏನು ಎಂದು ಮುಂಚೆಯೇ ಪಟ್ಟಿ ಕಳಿಸಬೇಕು. ನೋಡುವವರು ಪ್ರತಿನಿಧಿಗಳಾಗಿ ಹೆಸರು ನೋಂದಾಯಿಸಿರಬೇಕು. ನಮ್ಮ ಬೆಂಗಳೂರಿನ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕುತ್ತಿಗೆಗೆ ಪಾಸ್ ನೇತುಹಾಕಿಕೊಂಡು ಓಡಾಡುತ್ತೀವಲ್ಲ, ಅದೇ ಥರ.

ಕಶಿಶ್ ಮುಖ್ಯವಾಗುವುದು ಇದಕ್ಕೇ. ಅದಕ್ಕೂ ಮುಂಚೆ ಇಂಥ ಸಿನಿಮಾ ನೋಡಬೇಕಾದರೆ ಯಾವುದೋ ಚಿಕ್ಕ ಹಾಲು, ಯಾರದೋ ಮನೆ, ಕೈಯಿಂದ ಕೈಗೆ ದಾಟುವ ಡಿವಿಡಿ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ಒಟ್ಟಿಗಿರುವುದು ಅಪರಾಧ ಅಲ್ಲ ಎಂದಿತು. 2010ರ ಏಪ್ರಿಲ್‌ನಲ್ಲಿ ಕಶಿಶ್ ಶುರುವಾಯಿತು, ಸಚಿವಾಲಯದ ಅನುಮತಿ ಪಡೆದು, ಮುಂಬೈಯ ಒಂದು ಮಾಮೂಲಿ ಮಲ್ಟಿಪ್ಲೆಕ್ಸ್‌ನಲ್ಲಿ. ಪಕ್ಕದ ಪರದೆಯಲ್ಲಿ ಆ ವಾರದ ಹಿಂದಿ ಸಿನಿಮಾ ಓಡುವಂಥ ಜಾಗ. ಪಾಪ್‌ಕಾರ್ನ್ ಕೊಳ್ಳಲು ಬಂದ ಸಂಸಾರಸ್ಥರೂ ಇವರೂ ಒಂದೇ ಸಾಲಿನಲ್ಲಿ ನಿಲ್ಲುವಂಥ ಜಾಗ.

2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ರಾತ್ರಿ ಬೆಳಗಾಗುವುದರೊಳಗೆ ಇವರೆಲ್ಲ ಮತ್ತೆ ಅಪರಾಧಿಗಳಾದರು. ಎಲ್ಲರೂ ಹೆದರಿ ಚಿಕ್ಕ ಹಾಲಿಗೆ ವಾಪಸ್ ಹೋಗುತ್ತಾರೆ ಎಂದುಕೊಂಡರೆ, 2014ರ ಮೇ ತಿಂಗಳಲ್ಲಿ ಕಶಿಶ್ ಹೋಗಿ ನಿಂತದ್ದು ಮರೀನ್ ಲೈನ್ಸ್ ಹತ್ತಿರದ ಲಿಬರ್ಟಿ ಥಿಯೇಟರ್‌ನಲ್ಲಿ! ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕಟ್ಟಿದ, ಅದಕ್ಕೇ ಆ ಹೆಸರು ಪಡೆದ, ಒಂದೇ ಪರದೆಯ ದೊಡ್ಡ ಚಿತ್ರಮಂದಿರ. ಕಾನೂನು ಕೈಬಿಟ್ಟ ಆರು ತಿಂಗಳೊಳಗೇ ದೊಡ್ಡ ಪರದೆಗೆ ಹೋದರು. 2016ರಲ್ಲಿ ಬ್ರಿಟನ್ನಿನ ನಟ ಇಯಾನ್ ಮೆಕೆಲನ್ ಅಲ್ಲಿಗೇ ಬಂದು ಉತ್ಸವ ಉದ್ಘಾಟಿಸಿದರು. ಆಗಲೂ 377 ಇತ್ತು. ಅದು ಹೋದದ್ದು 2018ರ ಸೆಪ್ಟೆಂಬರ್ 6ಕ್ಕೆ.

ಪ್ರಶ್ನೆ: ಒಳ್ಳೆಯ ಸಿನಿಮಾ ಎಲ್ಲಿದ್ದರೂ ಓಡುತ್ತದೆ. ಇಂಥವರಿಗೇ ಅಂತ ಬೇರೆ ಚಿತ್ರೋತ್ಸವ ಯಾಕೆ? ಇದರಿಂದ ಅವರೇ ದೂರ ಆಗುವುದಿಲ್ಲವೇ? (ಹುಬ್ಬಳ್ಳಿ)

ಉತ್ತರ: ನೀವು ಕುಹಕಕ್ಕೆ ಕೇಳಿಲ್ಲ ಎಂದು ನಿಮ್ಮ ಪತ್ರದಲ್ಲೇ ಗೊತ್ತಾಗುತ್ತದೆ. ಹಾಗಾಗಿ ನಾನು ನೋಡಿದ್ದನ್ನು ಹೇಳುತ್ತೇನೆ.

ಒಂದು ವರ್ಷ ನಾನೂ ಲಿಬರ್ಟಿ ಮುಂದೆ ಸಾಲಿನಲ್ಲಿ ನಿಂತಿದ್ದೆ. ಮೇ ತಿಂಗಳ ಮುಂಬೈ ಸೆಕೆ, ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ಮುಂದೆ ಇಪ್ಪತ್ತೈದು ವರ್ಷದ ಆಸುಪಾಸಿನ ಹುಡುಗ, ಕುತ್ತಿಗೆಯಲ್ಲಿ ಆಫೀಸಿನ ಟ್ಯಾಗು ಇನ್ನೂ ಹಾಗೇ ಇತ್ತು. ಫೋನು ಬಂತು. ಸ್ವಲ್ಪ ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು, ಅಚ್ಚ ಕನ್ನಡದಲ್ಲಿ, ‘ಆಫೀಸಲ್ಲೇ ಇದೀನಮ್ಮ, ಲೇಟಾಗತ್ತೆ, ಊಟ ಆಯ್ತು’ ಎಂದ. ಇಟ್ಟ ಮೇಲೆ ಟ್ಯಾಗು ತೆಗೆದು ಜೇಬಿಗೆ ಹಾಕಿಕೊಂಡ. ಒಳಗೆ ಹೋದ ಮೇಲೆ ಅವನು ನನ್ನಿಂದ ಎರಡು ಸಾಲು ಮುಂದೆ ಕೂತಿದ್ದ. ಪರದೆಯ ಮೇಲೆ ಒಂದು ತಮಾಷೆಯ ದೃಶ್ಯ ಬಂತು, ಇಡೀ ಥಿಯೇಟರ್ ನಕ್ಕಿತು, ಅವನು ತಲೆ ಹಿಂದಕ್ಕೆ ಎಸೆದು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಈಗ ನಮ್ಮ ಕನ್ನಡ, ಹಿಂದಿ, ತಮಿಳು ಸಿನಿಮಾ ನೆನಪಿಸಿಕೊಳ್ಳಿ ಸರ್. ಹೆಣ್ಣಿಗನ ಥರ ನಡೆಯುವ ಪಾತ್ರ, ಹೀರೋನ ಕೆನ್ನೆ ಸವರುವ ಪಾತ್ರ, ಅದನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ. ನಾನೂ ನಕ್ಕಿದ್ದೇನೆ, ಅದಕ್ಕೆ ಈಗ ಬೇಜಾರಿದೆ. ಆ ಹಾಲಿನಲ್ಲಿ ಈ ಹುಡುಗನೂ ಕೂತಿದ್ದಿರಬೇಕು, ಸಂಶಯ ಬಾರದಿರಲಿ ಎಂದು ಜೊತೆಯವರ ಜೊತೆ ನಕ್ಕಿರಬೇಕು. ವರ್ಷಕ್ಕೆ ಐದು ದಿನ, ತನ್ನಂಥವರನ್ನು ನೋಡಿ ಅಲ್ಲ, ತನ್ನಂಥವರ ಜೊತೆ ಕೂತು ನಗುವುದಕ್ಕೆ ಒಂದು ಜಾಗ ಬೇಕಲ್ವಾ? ಅಲ್ಲಿ ದೂರ ಇಡುವ ಮಾತೇ ಬರಲಿಲ್ಲ. ನಾನು ಹೊರಗಿನವನು, ನನ್ನನ್ನೂ ಯಾರೂ ಯಾಕೆ ಬಂದೆ ಎಂದು ಕೇಳಲಿಲ್ಲ.

ಪ್ರಶ್ನೆ: ಇವರು ಕನ್ನಡದಲ್ಲಿ ಒಂದಾದರೂ ಸಿನಿಮಾ ಯಾಕೆ ಮಾಡಿಲ್ಲ? (ತುಮಕೂರು)

ಉತ್ತರ: ಅವರ ಕೆಲಸ, ಬಳಗ ಎಲ್ಲ ಮುಂಬೈಯಲ್ಲಿ, ಸಿನಿಮಾ ಹಿಂದಿ ಇಂಗ್ಲಿಷಿನಲ್ಲಿ. ಆದರೂ ಕಾವೇರಿ ಸೀಮೆಗೆ ವಾಪಸ್ ಬಂದಿದ್ದಾರೆ. ‘ಈವ್ನಿಂಗ್ ಶ್ಯಾಡೋಸ್’ ಚಿತ್ರೀಕರಣ ನಡೆದದ್ದು ಶ್ರೀರಂಗಪಟ್ಟಣದ ಕಡೆ. ಮನೆ, ಬೀದಿ, ದೇವಸ್ಥಾನ ಎಲ್ಲ ನಮ್ಮದು, ಮಾತು ಹಿಂದಿ. ಆ ತಾಯಿ ಕನ್ನಡ ಮಾತಾಡಿದ್ದರೆ ಎಂದು ನನಗೂ ಅನಿಸಿತು. ಕನ್ನಡಕ್ಕೆ ಡಬ್ ಮಾಡಿ ನಮ್ಮ ಚಾನೆಲ್‌ಗಳು ತೋರಿಸಬಹುದು, ಯಾರಾದರೂ ಮನಸ್ಸು ಮಾಡಬೇಕು.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ದೀಪಾವಳಿಗೆ ಬಂದಾಗ ತಾನು ಗೇ ಎಂದು ನನಗೊಬ್ಬಳಿಗೇ ಹೇಳಿದ. ಅವರ ಅಪ್ಪನಿಗೆ ಗೊತ್ತಿಲ್ಲ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ನನಗೆ ಯಾರ ಹತ್ತಿರ ಹೇಳಿಕೊಳ್ಳಬೇಕೋ ಗೊತ್ತಾಗುತ್ತಿಲ್ಲ. ನಿಮ್ಮ ಅಂಕಣದಲ್ಲಿ ಆ ಹೆಸರು ಓದಿ ಬರೆಯುತ್ತಿದ್ದೇನೆ. ಅವರ ಸಿನಿಮಾ ನಾನು ನೋಡಬಹುದಾ? (ಹಾಸನ ಜಿಲ್ಲೆ)

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಮಗ ಜಗತ್ತಿನಲ್ಲಿ ಮೊದಲು ಹೇಳಲು ಆರಿಸಿಕೊಂಡದ್ದು ನಿಮ್ಮನ್ನು. ಅದು ಸಣ್ಣ ಮಾತಲ್ಲ.

ನೋಡಬೇಕಾದ ಸಿನಿಮಾ ಮೇಲೆ ಹೇಳಿದ ‘ಈವ್ನಿಂಗ್ ಶ್ಯಾಡೋಸ್’. 2018ರದ್ದು. ಮುಂಬೈಯಲ್ಲಿ ಫೋಟೋಗ್ರಾಫರ್ ಆಗಿರುವ ಕಾರ್ತಿಕ್ ಎಂಬ ಹುಡುಗ ಊರಿಗೆ ಬರುತ್ತಾನೆ. ಮನೆಯಲ್ಲಿ ಮದುವೆ ಮಾತು ಶುರುವಾಗಿರುತ್ತದೆ. ಅವನು ತಾಯಿಗೆ ನಿಜ ಹೇಳುತ್ತಾನೆ. ಅಲ್ಲಿಂದ ಸಿನಿಮಾ ಮಗನನ್ನು ಬಿಟ್ಟು ತಾಯಿಯ ಹಿಂದೆ ಹೋಗುತ್ತದೆ. ತಾಯಿ ವಸುಧಾ ಪಾತ್ರದಲ್ಲಿ ಮೋನಾ ಅಂಬೇಗಾಂವ್ಕರ್, ತಂದೆಯಾಗಿ ಅನಂತ್ ಮಹದೇವನ್. ಗಂಡನ ಮಾತೇ ಕೊನೆ ಎನ್ನುವ ಮನೆ. ಅಂಥ ಮನೆಯಲ್ಲಿ ಇಷ್ಟು ವರ್ಷ ತಲೆ ಎತ್ತದೆ ಬಾಳಿದ ಹೆಂಗಸು ಈ ಭಾರವನ್ನು ಒಬ್ಬಳೇ ಹೊರಬೇಕು. ಜನರಿಂದ ಸ್ವಲ್ಪ ಸ್ವಲ್ಪ ಹಣ ಸೇರಿಸಿ ಮಾಡಿದ ಸಿನಿಮಾ ಇದು. 2019ರ ಜನವರಿಯಲ್ಲಿ ಸರ್ಟಿಫಿಕೇಟ್ ಪಡೆದು ಚಿತ್ರಮಂದಿರಕ್ಕೆ ಬಂತು, ಆಮೇಲೆ ನೆಟ್‌ಫ್ಲಿಕ್ಸ್‌ಗೂ ಬಂತು. ಹಸಿಬಿಸಿ ದೃಶ್ಯ ಇರುತ್ತದೇನೋ ಎಂದು ಹೆದರಬೇಡಿ. ಮನೆಮಂದಿ ಕೂತು ನೋಡುವಂತೆಯೇ ಮಾಡಿದ್ದಾರೆ.

ನಾನು ಅದನ್ನು ನೋಡಿದ್ದು ನನ್ನ ಅಮ್ಮನ ಜೊತೆ. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ. ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು, ಸುಲಿಯುತ್ತಾ, ಆಗಾಗ ಟಿವಿ ಕಡೆ ನೋಡುತ್ತಾ ಕೂತಿದ್ದರು. ನಾನು ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದೆ. ಮಗ ಹೇಳಿಬಿಟ್ಟ ಮೇಲೆ ವಸುಧಾಳ ಮುಖ ತೋರಿಸುತ್ತಾರೆ. ಅಮ್ಮನ ಕೈ ನಿಂತಿತು. ಹೆಬ್ಬೆರಳು ಸಿಪ್ಪೆಯೊಳಗೆ ಇಳಿದಿದೆ, ಕಾಳು ಹೊರಗೆ ಬಂದಿಲ್ಲ, ಹಾಗೇ ಹಿಡಿದುಕೊಂಡು ಕೂತರು. ನಾನು ಹೇಳುವುದನ್ನು ನಿಲ್ಲಿಸಿದೆ, ಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಪಾಪ, ಆ ಹೆಂಗಸಿಗೆ ಹೇಳಿಕೊಳ್ಳೋಕೆ ಒಬ್ಬರೂ ಇಲ್ವಲ್ಲೋ’ ಎಂದರು. ಮಗನ ಬಗ್ಗೆ ಏನೂ ಅನ್ನಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ, ನಮ್ಮ ಕಡೆಯ ಒಬ್ಬರು ದೊಡ್ಡವರ ಹೆಸರು ಹೇಳಿ, ‘ಅವನಿಗೆ ಬಲವಂತವಾಗಿ ಮದುವೆ ಮಾಡಿ ಇಬ್ಬರ ಬಾಳೂ ಹಾಳು ಮಾಡಿದ್ವಿ ಅನಿಸತ್ತೆ’ ಎಂದರು. ನಾನು ಹುಟ್ಟುವ ಮುಂಚಿನ ಕಥೆ. ಅಷ್ಟು ವರ್ಷ ಆ ಮಾತು ಅವರ ಒಳಗೇ ಇತ್ತು.

ನನ್ನ ಅಮ್ಮ ಹೇಳಿದ ಆ ಕೊರತೆ, ಹೇಳಿಕೊಳ್ಳಲು ಒಬ್ಬರೂ ಇಲ್ಲ ಎನ್ನುವುದು, ರಂಗಾಯನ್‌ಗೂ ಕಂಡಿತ್ತು. ಈ ಸಿನಿಮಾ ಮಾಡುವ ಕಾಲದಲ್ಲೇ, 2017ರಲ್ಲಿ, ‘ಸ್ವೀಕಾರ್’ ಎಂಬ ಗುಂಪು ಶುರುವಾಗಲು ಅವರು ಕಾರಣರಾದರು. ಇಂಥ ಮಕ್ಕಳ ತಂದೆ ತಾಯಿಯರದೇ ಗುಂಪು ಅದು. ಒಬ್ಬ ತಾಯಿ ಇನ್ನೊಬ್ಬ ತಾಯಿಯ ಜೊತೆ ಮಾತಾಡುತ್ತಾರೆ, ಅಷ್ಟೇ. ಮನೆಯಿಂದ ಆಚೆ ಈ ವಿಷಯ ಬಾಯಿಬಿಡದವರು ನಿಧಾನಕ್ಕೆ ಎಷ್ಟು ಗಟ್ಟಿಯಾದರು ಎಂದರೆ, 2023ರ ಏಪ್ರಿಲ್‌ನಲ್ಲಿ ನಾನೂರಕ್ಕೂ ಹೆಚ್ಚು ಪೋಷಕರು ಸೇರಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೇ ಪತ್ರ ಬರೆದರು, ನಮ್ಮ ಮಕ್ಕಳ ಮದುವೆಗೂ ಕಾನೂನಿನ ಮಾನ್ಯತೆ ಕೊಡಿ ಎಂದು. ಆ ವರ್ಷ ಅಕ್ಟೋಬರ್ 17ರ ತೀರ್ಪಿನಲ್ಲಿ ಅದು ಸಿಗಲಿಲ್ಲ. ಗುಂಪು ಮಾತ್ರ ಇದೆ. ‘ಸ್ವೀಕಾರ್, ರೇನ್‌ಬೋ ಪೇರೆಂಟ್ಸ್’ ಎಂದು ಹುಡುಕಿದರೆ ಸಿಗುತ್ತಾರೆ. ನೀವು ಹೆಸರು ಹೇಳದೆಯೂ ಮಾತು ಶುರು ಮಾಡಬಹುದು.

ಇನ್ನೆರಡು ಮಾತು, ನಿಮ್ಮ ಮಗನ ವಯಸ್ಸಿನವರನ್ನು ತುಂಬಾ ನೋಡಿದ್ದೇನೆ ಎಂಬ ಸಲಿಗೆಯಿಂದ. ಇದು ಕಾಯಿಲೆ ಅಲ್ಲ. ಭಾರತೀಯ ಮನೋವೈದ್ಯರ ಸಂಘವೇ 2018ರಲ್ಲಿ ಹಾಗೆಂದು ಹೇಳಿದೆ. ಇದನ್ನು ‘ವಾಸಿ ಮಾಡುತ್ತೇವೆ’ ಎಂದು ಚಿಕಿತ್ಸೆ ಕೊಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿಯ ದುರ್ನಡತೆ ಎಂದು ಸಾರಿದೆ. ಹಾಗಾಗಿ ಯಾರೇ ಹೇಳಿದರೂ ಅಂಥ ಕಡೆ ಕರೆದುಕೊಂಡು ಹೋಗಬೇಡಿ. ಹೆಣ್ಣು ನೋಡುವುದನ್ನು ಸದ್ಯಕ್ಕೆ ಏನಾದರೂ ಹೇಳಿ ಮುಂದೂಡಿ. ಅವರ ಅಪ್ಪನಿಗೆ ಯಾವಾಗ ಹೇಳಬೇಕು ಎನ್ನುವುದನ್ನು ಮಗನೇ ನಿರ್ಧರಿಸಲಿ, ನೀವು ಮುಂದಾಗಿ ಹೇಳಬೇಡಿ. ಮತ್ತೆ ಇವತ್ತು ಅವನಿಗೆ ಒಂದು ಫೋನ್ ಮಾಡಿ. ಇದರ ಬಗ್ಗೆ ಏನೂ ಮಾತಾಡಬೇಕಿಲ್ಲ, ಸುಮ್ನೆ ಊಟ ಆಯ್ತಾ ಎಂದು ಕೇಳಿ.

ಪ್ರಶ್ನೆ: ‘ಸಲಿಂಗಕಾಮಿ’ ಎಂದು ಬರೆಯುವುದೋ ‘ಸಲಿಂಗಪ್ರೇಮಿ’ ಎಂದೋ? (ಮಂಗಳೂರು)

ಉತ್ತರ: ಗಂಡು ಹೆಣ್ಣಿನ ಜೋಡಿಯನ್ನು ನಾವು ಪ್ರೇಮಿಗಳು ಎನ್ನುತ್ತೇವೆ. ಇವರಿಗೆ ಮಾತ್ರ ಕಾಮ ಅಂಟಿಸುವುದು ಯಾಕೆ? ನಾನು ಸಲಿಂಗಪ್ರೇಮಿ ಎಂದೇ ಬರೆಯುತ್ತೇನೆ. ಹುಡುಗರು ತಮ್ಮನ್ನು ಗೇ, ಕ್ವಿಯರ್ ಎಂದು ಕರೆದುಕೊಳ್ಳುತ್ತಾರೆ, ಅದನ್ನು ಹಾಗೇ ಬಳಸಿದರೂ ಸರಿ.

ಪ್ರಶ್ನೆ: ನಾನು ಬಿಎ ಓದುತ್ತಿದ್ದೇನೆ. ಹಾಸ್ಟೆಲ್ಲಿನ ಇಬ್ಬರು ಹುಡುಗರ ಕಥೆ ಬರೆದಿದ್ದೇನೆ, ಹದಿನೈದು ನಿಮಿಷದ ಕಿರುಚಿತ್ರ, ಕನ್ನಡದಲ್ಲೇ. ದುಡ್ಡಿಲ್ಲ, ಫೋನ್ ಇದೆ. ಎಲ್ಲಿಗೆ ಕಳಿಸಬಹುದು? (ದಾವಣಗೆರೆ)

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಜಾಸ್ತಿ ಹುರುಪು ಕೊಟ್ಟದ್ದು ನಿನ್ನದು. ಏಕವಚನಕ್ಕೆ ಬೇಸರ ಮಾಡಿಕೊಳ್ಳಬೇಡ.

ಹದಿನೈದು ನಿಮಿಷವನ್ನು ಹತ್ತಕ್ಕೆ ಇಳಿಸಲು ಆಗುತ್ತದಾ ನೋಡು. ಫೋನಿನಲ್ಲಿ ಚಿತ್ರ ಚೆನ್ನಾಗೇ ಬರುತ್ತದೆ, ಕೈಕೊಡುವುದು ಧ್ವನಿ. ಇರುವ ದುಡ್ಡನ್ನು ಒಂದು ಕಾಲರ್ ಮೈಕಿಗೆ ಹಾಕು. ಹಾಸ್ಟೆಲ್ಲಿನ ಫ್ಯಾನ್ ಆಫ್ ಮಾಡಿಸಿ ಶೂಟ್ ಮಾಡು. ನಟಿಸುವ ಹುಡುಗರಿಗೆ ಪೂರ್ತಿ ಕಥೆಯನ್ನು ಮೊದಲೇ ಓದಿ ಹೇಳು, ಇದು ಹೊರಗೆ ಬಂದರೆ ಮನೆಯವರೂ ನೋಡುತ್ತಾರೆ ಎನ್ನುವುದನ್ನೂ ಹೇಳು. ಕಥೆ ನಿಜದ ಯಾರದ್ದಾದರೂ ಆಗಿದ್ದರೆ ಅವರಿಗೆ ತೋರಿಸಿ, ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಊರು ಹೆಸರು ಬದಲಾಯಿಸು. ‘ಪ್ರಾಜೆಕ್ಟ್ ಬೋಲೋ’ದಲ್ಲಿ ಅಷ್ಟು ಜನ ಮುಖ ತೋರಿಸಿದ್ದು ಅವರೇ ಮನಸ್ಸು ಮಾಡಿ ಬಂದಿದ್ದಕ್ಕೆ. ನಿನ್ನ ಹಾಸ್ಟೆಲ್ಲಿನ ಹುಡುಗನಿಗೆ ಆ ಧೈರ್ಯ ಇನ್ನೂ ಬಂದಿರಲಿಕ್ಕಿಲ್ಲ. ಕ್ಯಾಮೆರಾ ಅವನನ್ನು ಹಿಡಿದುಕೊಡಬಾರದು.

ಇಂಗ್ಲಿಷ್ ಸಬ್‌ಟೈಟಲ್ ನೀನೇ ಹಾಕು, ಅದಿಲ್ಲದೆ ಯಾರೂ ತಗೊಳ್ಳುವುದಿಲ್ಲ. ಕಳಿಸುವುದಕ್ಕೆ ಕಶಿಶ್ ಇದ್ದೇ ಇದೆ. ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್ ಇದೆ, ಚೆನ್ನೈಯ ರೀಲ್ ಡಿಸೈರ್ಸ್ ಇದೆ, ಕೋಲ್ಕತ್ತದ ಡೈಲಾಗ್ಸ್ ಇದೆ. ಇವಕ್ಕೆ ಕಳಿಸಲು ಸೆನ್ಸಾರ್ ಬೇಡ ಎಂದು ಮೇಲೆ ಓದಿದೆಯಲ್ಲ. ಕಶಿಶ್‌ನವರು ಹೊಸ ಚಿತ್ರ ಮಾಡುವವರಿಗೆ ‘ಕ್ಯೂದೃಷ್ಟಿ’ ಎಂಬ ಹೆಸರಿನಲ್ಲಿ ಧನಸಹಾಯವನ್ನೂ ಕೊಡುತ್ತಾರೆ, ಅದನ್ನೂ ಗಮನದಲ್ಲಿಡು.

ಅಲ್ಲಿ ಹೊಸ ಭಾರತೀಯ ನಿರ್ದೇಶಕರಿಗೆ ರಿಯಾದ್ ವಾಡಿಯಾ ಪ್ರಶಸ್ತಿ ಎಂದು ಒಂದಿದೆ. ಯಾರು ಅವರು ಎಂದರೆ, ಹಳೇ ವಾಡಿಯಾ ಮೂವಿಟೋನ್ ಕಂಪನಿ ಕಟ್ಟಿದವರ ಮೊಮ್ಮಗ. ರಂಗಾಯನ್‌ಗಿಂತ ಮುಂಚೆಯೇ, 1996ರಲ್ಲಿ, ‘ಬಾಮ್‌ಗೇ’ ಎಂಬ ಹತ್ತು ಹನ್ನೆರಡು ನಿಮಿಷದ ಚಿತ್ರ ಮಾಡಿ ದಾರಿ ತೆರೆದವರು. 2003ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಕಶಿಶ್ ಶುರುವಾಗಿದ್ದನ್ನು ಅವರು ನೋಡಲಿಲ್ಲ. ಅವರ ಚಿತ್ರವೂ ನಿನ್ನದರ ಹಾಗೇ ಚಿಕ್ಕದಿತ್ತು. ಅರ್ಜಿಯಲ್ಲಿ ಭಾಷೆ ಎಂಬ ಜಾಗದಲ್ಲಿ ಕನ್ನಡ ಎಂದು ಬರೆ. ಚಿತ್ರ ಮುಗಿದ ಮೇಲೆ ನನಗೂ ಒಂದು ಲಿಂಕ್ ಕಳಿಸು, ನಾನು ಅಮ್ಮನ ಜೊತೆ ನೋಡುತ್ತೇನೆ.